ತಿರ್ಜಾಳ ಗಂಡು ಫೆರೆಟ್

ಯಾರ್ಕ್‌ಷೈರಿನ ಆ ಗಣಿಯೂರಲ್ಲಿ ಮೊಲದ ಬಿಲಕ್ಕೆ ನುಗ್ಗಿಸಲು ಮುಂಗುಸಿಯಂಥ ಫೆರೆಟ್ ಸಾಕದ ಮನೆಯೇ ಇರಲಿಲ್ಲ. ಬೆದೆಗೆ ಬಂದ ಹೆಣ್ಣಿಗೆ ಗಂಡು ಸಿಗದಿದ್ದರೆ ಬೆದೆ ಇಳಿಯುವುದಿಲ್ಲ, ರಕ್ತ ಬತ್ತಿ ಸಾಯುತ್ತದೆ. ಅದಕ್ಕೇ ಮುದುಕಿ ತಿರ್ಜಾ, ಕೂಡಿದರೂ ಮರಿಯಾಗದಂತೆ ಡಾಕ್ಟರು ನರ ಕತ್ತರಿಸಿದ ಒಂದು ಗಂಡು ಫೆರೆಟ್ಟನ್ನು ಸಾಕಿ, ಪ್ರತಿ ವಸಂತದಲ್ಲೂ ಮನೆಮನೆಗೆ ಒಯ್ದು ಬಿಡುತ್ತಿದ್ದಳು.

ಈ ಸಲ ಪಕ್ಕದ ಮನೆಯ ವಿಲ್ಫ್ ಬಾಗಿಲಲ್ಲೇ ತಡೆದ. "ನಿನ್ನ ಹಂಗು ಬೇಡ ಮಾರಾಯ್ತಿ. ನನ್ನ ಗಂಡು ಫೆರೆಟ್ಟನ್ನೇ ಡಾಕ್ಟರ ಹತ್ರ ಒಯ್ದಿದ್ದೆ."

ತಿರ್ಜಾ ಮುಖ ಊದಿಸಿಕೊಂಡು ಪೆಟ್ಟಿಗೆ ಸಮೇತ ವಾಪಸು ಬಂದಳು.

ಜುಲೈಯಲ್ಲಿ ವಿಲ್ಫ್ ತನ್ನ ಸತ್ತ ಹೆಣ್ಣು ಫೆರೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ತಂದ. ಅದರ ಒಸಡು ಸುಣ್ಣದಂತೆ ಬಿಳಿಚಿತ್ತು.

"ಗಂಡು ಜೊತೇಲೇ ಇತ್ತಲ್ಲ, ತಿರ್ಜಾ!"

"ಡಾಕ್ಟರು ಅದಕ್ಕೇನು ಮಾಡಿದ್ರು?"

"ಬೀಜ ತೆಗೆದ್ರು. ನಾನೇ ಹೇಳಿ ತೆಗೆಸ್ದೆ."

ತಿರ್ಜಾಳಿಗೆ ಮೈಯೆಲ್ಲ ಉರಿಯಿತು. "ಅಯ್ಯೋ ದಡ್ಡ ಮುಂಡೇದೇ! ನರ ಕತ್ತರಿಸಿ ಬೀಜ ಬಿಡ್ಬೇಕು ಕಣೋ. ಬೀಜ ಹೋದದ್ದು ಹೆಣ್ಣನ್ನ ಮೂಸಿಯೂ ನೋಡಲ್ಲ. ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ವಿಲ್ಫ್ ತಲೆ ಎತ್ತಲಿಲ್ಲ. "ಏನು ಮಾಡಿಸ್ದೆ ಅಂತ ನೀನೂ ಕೇಳ್ಲಿಲ್ವಲ್ಲ."

ಬೈಗುಳ ಇನ್ನೂ ಅವಳ ನಾಲಿಗೆ ತುದಿಯಲ್ಲೇ ಇತ್ತು. ಬೈಸಿಕೊಳ್ಳಲು ಈಗ ಅವಳೊಬ್ಬಳೇ ಉಳಿದಿದ್ದಳು.