ಷಣ್ಮುಖಪ್ಪನವರು ಇಟ್ಟ ಒಲೆಕಲ್ಲು

ಡಾಕ್ಟರ್ ಷಣ್ಮುಖಪ್ಪನವರು ಹುಣಸೂರಿಗೆ ಬಂದದ್ದು ೧೯೬೩ರಲ್ಲಿ. ನಾನು ಆಗ ಅಲ್ಲಿನ ಶಾಲೆಯಲ್ಲಿ ಮೇಷ್ಟರು. ನಮ್ಮ ಮನೆಗಳ ನಡುವೆ ಒಂದೇ ಗೋಡೆ. ಹೆಂಚಿನ ಮನೆಯ ಜಗಲಿಯೇ ಅವರ ದವಾಖಾನೆ, ಹಿತ್ತಿಲ ಹೊಂಗೆಮರದ ನೆರಳೇ ವಾರ್ಡು.

ವೀರನಹೊಸಹಳ್ಳಿಯಾಚೆಯ ಕಾಡಂಚಿನ ಹಾಡಿಯ ಬುಡಕಟ್ಟಿನವರು ಆ ನೆರಳಿಗೆ ಬರುತ್ತಿದ್ದರು. ಒಬ್ಬರಿಗೆ ಜ್ವರ ಬಂದರೆ ಜೊತೆಗೆ ಹತ್ತು ಜನ. ಕಾಯಿಲೆಯವರನ್ನು ತಮ್ಮವರಿಂದ ಅಗಲಿಸಬಾರದೆಂಬುದು ಅವರ ಕಟ್ಟಳೆ. ಮೂರು ಕಲ್ಲಿಟ್ಟು ಒಲೆ ಹೂಡಿ, ಗಂಜಿ ಕಾಯಿಸಿಕೊಂಡು, ರೋಗಿ ಏಳುವವರೆಗೂ ಕದಲುತ್ತಿರಲಿಲ್ಲ. ಅವರನ್ನು ಕರೆತರುತ್ತಿದ್ದಾಕೆ ಹಾಡಿಯ ಸೂಲಗಿತ್ತಿ ಚಿಕ್ಕಮಾದಿ.

“ಏನವ್ವ, ಇಡೀ ಹಾಡೀನೇ ಹೊತ್ಕೊಂಡು ಬಂದ್ಯಲ್ಲ?” ಎನ್ನುವರು ವೈದ್ಯರು.

“ಮರಗೋಳ್ನ ಮಾತ್ರ ಬುಟ್ಟು ಬಂದೀವಿ ಕಣ್ ಡಾಕುಟ್ರೇ!” ಎಂದು ಆಕೆ ನಗುವಳು.

೧೯೬೮ರಲ್ಲಿ ಒಬ್ಬ ಗರ್ಭಿಣಿ ಆ ನೆರಳಿನಲ್ಲೇ ತೀರಿಕೊಂಡಳು. ಮೈಸೂರಿಗೆ ಸಾಗಿಸುವಷ್ಟು ಹೊತ್ತಿರಲಿಲ್ಲ. ಅಂದಿನಿಂದ ವೈದ್ಯರಿಗೆ ಒಂದೇ ಹಂಬಲ, ಹುಣಸೂರಿನಲ್ಲೇ ಆಪರೇಷನ್ ಕೋಣೆಯುಳ್ಳ ಆಸ್ಪತ್ರೆ. ಪಾಲುದಾರರನ್ನು ಕೂಡಿಸಿ, ೧೯೭೨ರಲ್ಲಿ ಅದೇ ಹಿತ್ತಿಲಲ್ಲಿ ಇಪ್ಪತ್ತು ಹಾಸಿಗೆಗಳ ಕಟ್ಟಡ ಎಬ್ಬಿಸಿದರು. ಹೊಂಗೆಮರ ಉಳಿಯಿತು, ಸುತ್ತ ಗೋಡೆ, ಗೇಟು ಬಂದವು. ‘ರೋಗಿಯೊಡನೆ ಒಬ್ಬರಿಗೆ ಮಾತ್ರ ಪ್ರವೇಶ’ ಎಂದು ಗೇಟಿನ ಹಲಗೆಗೆ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟವನು ನಾನೇ. ನಂಜು ಹರಡಬಾರದೆಂದು ವೈದ್ಯರು ಹೇಳಿದ್ದರು, ನನಗೂ ಸರಿಯೆನಿಸಿತ್ತು.

ಮರುವರ್ಷ ಒಂದು ಬೆಳಗ್ಗೆ ಚಿಕ್ಕಮಾದಿ ಸೊಸೆ ಮಲ್ಲಿಯನ್ನು ಗಾಡಿಯಲ್ಲಿ ತಂದಳು. ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿತ್ತು. ಜೊತೆಗೆ ಹಾಡಿಯವರೆಲ್ಲ ಇದ್ದರು. ವೈದ್ಯರು ಒಳಗೆ ಬೇರೊಬ್ಬರ ಆಪರೇಷನ್ನಿನಲ್ಲಿದ್ದರು.

“ಒಬ್ರೇ ಕಣವ್ವ ಒಳಕ್ಕೆ. ಇದೇನು ಸಂತೆಮಾಳ್ವ?” ಎಂದ ಗೇಟು ಕಾಯುವ ದಾಸಯ್ಯ.

“ನೋವು ತಿನ್ನೋಳ್ನ ಒಂಟಿ ಬುಡಾಕಾಯ್ತದಾ? ನಮ್ ಡಾಕುಟ್ರನ್ನ ಒಸಿ ಕರಿ ಕಣಪ್ಪ.”

“ಅವರದೇ ರೂಲು ಕಣವ್ವ. ಬೋರ್ಡ್ ನೋಡು.”

ಆಕೆಗೆ ಓದು ಬಾರದು. ಆದರೆ ವೈದ್ಯರದೇ ಮಾತೆಂದ ಮೇಲೆ ಆಕೆ ವಾದಿಸಲಿಲ್ಲ. ಗಾಡಿ ತಿರುಗಿತು. ದಾರಿಯಲ್ಲೇ ಮಲ್ಲಿಯೂ ಮಗುವೂ ಹೋದರು.

ಮೂರನೆಯ ದಿನ ಸುದ್ದಿ ಬಂತು. ದಾಸಯ್ಯ ನಡೆದದ್ದನ್ನು ಹೇಳಿ ಅತ್ತ. ವೈದ್ಯರು ಅವನನ್ನು ಗದರಲಿಲ್ಲ. ನನ್ನನ್ನು ಕರೆದುಕೊಂಡು ಹಾಡಿಗೆ ಹೋಗಿ, ಚಿಕ್ಕಮಾದಿಯ ಗುಡಿಸಿಲ ಮುಂದೆ ನೆಲದ ಮೇಲೆ ಕುಳಿತರು.

“ತಪ್ಪು ನನ್ನದವ್ವ. ಇನ್ಮೇಲೆ ಎಲ್ಲರೂ ಬನ್ನಿ.”

ಆಕೆ ಬಯ್ಯಲಿಲ್ಲ. “ನಿಮ್ ಮನೆ ದೊಡ್ಡದಾಯ್ತು ಡಾಕುಟ್ರೇ. ನಮಗೆ ಜಾಗ ಸಾಲ್ದು, ಬುಡಿ” ಎಂದಳು.

ಹಲಗೆಯನ್ನು ವೈದ್ಯರೇ ಕಿತ್ತರು. ಹೊಂಗೆಯ ಕೆಳಗೆ ಮೂರು ಕಲ್ಲುಗಳನ್ನು ತಾವೇ ಇಟ್ಟು, ಪಕ್ಕದಲ್ಲಿ ಸೌದೆ ಒಟ್ಟಿಸಿದರು. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳಿಂದ ಜನ ಬಂದು ಹಾಸಿಗೆಗಳು ತುಂಬಿದವು. ೧೯೭೮ರಲ್ಲಿ ತೀರಿಕೊಳ್ಳುವವರೆಗೂ ಅವರು ದಿನಾ ಬೆಳಗ್ಗೆ ಮೊದಲು ಮರದ ಕೆಳಗೆ ಹೋಗಿ ನೋಡಿ, ಆಮೇಲೆ ಒಳಗೆ ಬರುತ್ತಿದ್ದರು.

ಆ ಕಲ್ಲುಗಳಿಗೆ ಮಸಿ ಹತ್ತಲೇ ಇಲ್ಲ.