ಅರ್ಧ ಅಂಕವನ್ನೂ ಕೊಡದವನು
ಗೋವಾದ ಪ್ರತಿ ಕನ್ನಡ ಶಾಲೆಯಲ್ಲೂ ಅಂಕದ ವಿಷಯಕ್ಕೆ ಕರುಣೆಯಿಲ್ಲದ ಒಬ್ಬ ಮಾಸ್ತರ ಇರುತ್ತಾನೆ; ನಾನು ಕಲಿಸುವ ಶಾಲೆಯಲ್ಲಿ ಅವನು ನನ್ನ ಗೆಳೆಯ ಅಮೀನಪ್ಪ. ಪರೀಕ್ಷೆಯ ದಿನ ಇಸ್ತ್ರಿ ಅಂಗಿ ತೊಟ್ಟು, ತಾನೇ ಬರೆಯುವವನಂತೆ ಎರಡು ಪೆನ್ನು ಸಿಕ್ಕಿಸಿಕೊಂಡು ಬರುತ್ತಿದ್ದ. ಅವನು ಕೋಣೆಯಲ್ಲಿದ್ದರೆ ಗೋಡೆಯ ಹಲ್ಲಿಯೂ ಪಕ್ಕದ ಹಲ್ಲಿಯತ್ತ ನೋಡುತ್ತಿರಲಿಲ್ಲ. “ಸರ್ರ, ಅರ್ಧ ಮಾರ್ಕ್ಸ ಹಾಕ್ರಿ” ಎಂದು ಮಕ್ಕಳು ಗೋಗರೆದರೆ, “ಮೈಮ್ಯಾಲಿನ ಅಂಗಿ ಕೇಳ, ಕಳದ ಕೊಡ್ತೇನಿ, ಅದನ್ನ ಮಾತ್ರ ಕೇಳಬ್ಯಾಡ” ಎನ್ನುತ್ತಿದ್ದ. ಗಾರೆ ಕೆಲಸದವರ ಮಕ್ಕಳಿಗೂ ಬಂಗಲೆಯ ಮಕ್ಕಳಿಗೂ ಒಂದೇ ಪ್ರಶ್ನೆಪತ್ರಿಕೆ ಯಾವ ನ್ಯಾಯವೆಂದು ನಾನು ಜಗಳ ತೆಗೆದರೆ, “ಪೇಪರ್ ಒಂದ ನೋಡ ದೋಸ್ತ, ಅಪ್ಪ ಏನ್ ಕೆಲಸ ಮಾಡ್ತಾನಂತ ಕೇಳೂದಿಲ್ಲ” ಎಂದು ನಗುತ್ತಿದ್ದ. ಅವನು ತೀರಿಕೊಂಡ ವಾರ, ಅವನು ತಿದ್ದಿದ ಉತ್ತರಪತ್ರಿಕೆಗಳ ಕಟ್ಟು ನನ್ನ ಕೈಗೆ ಬಂತು. ಏಳನೆಯ ತರಗತಿಯ ಶ್ವೇತಾ ಎರಡೇ ಅಂಕದಿಂದ ನಪಾಸಾಗಿದ್ದಳು. ಅವಳ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದ: ‘ಬೆಳಿಗ್ಗೆ ಆರು ಜನಕ್ಕೆ ರೊಟ್ಟಿ ಬಡಿದು ಬಂದವಳು, ಕೊನೆಯ ಪ್ರಶ್ನೆಗೆ ಮೊದಲೇ ನಿದ್ದೆ ಹೋದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಮರುಪರೀಕ್ಷೆಗೆ ನಾನೇ ಕರೆತರಬೇಕು.’ ಆ ಎರಡು ಅಂಕವನ್ನು ನಾನೂ ಸೇರಿಸಲಿಲ್ಲ. ಮೊನ್ನೆ ಮರುಪರೀಕ್ಷೆಯ ದಿನ ನಸುಕಿನಲ್ಲೇ ಫಾತೋರ್ಡಾದಲ್ಲಿದ್ದ ಶ್ವೇತಾಳ ಮನೆಯವರ ಶೆಡ್ಡಿಗೆ ಹೋಗಿ, “ನೀ ಇನ್ನೊಂದ ತಾಸು ಮಲಗವ್ವ” ಎಂದು ಹೇಳಿ, ಬಾರದ ಕೈಯಿಂದ ಆರು ಜನರ ರೊಟ್ಟಿ ನಾನೇ ಬಡಿದೆ.