ಅಪ್ಪ ಬಿಚ್ಚಿದ ಬಾಗಿಲು

ನಾನು ಚಿಕ್ಕವಳಿದ್ದಾಗ ನಮ್ಮ ಗಜೇಂದ್ರಗಡದ ಮನೆಯಲ್ಲಿ ಕೋಳಿಗಿಂತ ಮೊದಲು ಏಳುತ್ತಿದ್ದುದು ಅಪ್ಪನ ಮಗ್ಗ. ಖಟಕ್ ಖಟಕ್ ಸದ್ದು ಜೋಗುಳದ ಹಾಗೆ ನಡೆದೇ ಇರುತ್ತಿತ್ತು. ಅದು ನಿಂತರೆ ಮಾತ್ರ ನಮಗೆ ಎಚ್ಚರವಾಗುತ್ತಿತ್ತು. ಅಪ್ಪ ನೇಯುವುದರಲ್ಲಿ ಹೇಗೋ ಹಾಗೆ ಹರಿದದ್ದನ್ನು ಕೂಡಿಸುವುದರಲ್ಲೂ ಎತ್ತಿದ ಕೈ. ಇಲಿ ಕಡಿದ ಸೀರೆ, ಮೊಳೆಗೆ ಸಿಕ್ಕ ಧೋತರ, ಏನು ತಂದರೂ ಎಳೆಗೆ ಎಳೆ ಸೇರಿಸಿ ಕೊಟ್ಟು, "ಎಲ್ಲಿ ಹರದಿತ್ತು, ಬೆರಳಿಟ್ಟು ತೋರಸ್ರಿ ನೋಡೂಣು" ಎಂದು ಸವಾಲು ಹಾಕುತ್ತಿದ್ದ. ಯಾರಿಗೂ ಆ ಜಾಗ ಸಿಗುತ್ತಿರಲಿಲ್ಲ. ಅವನಿಗೆ ಅದೊಂದು ಜಂಬ. ನನಗೂ ಅಕ್ಕನಿಗೂ ಅವನಿಗಿಂತ ಹೆಚ್ಚು ಜಂಬ.

ಪ್ರತಿ ಚಳಿಗಾಲಕ್ಕೆ ಮುಂಡಗೋಡದ ಕಡೆಯಿಂದ ಟಿಬೆಟಿನ ಹೆಂಗಸೊಬ್ಬರು ಸ್ವೆಟರ್ ಮಾರಲು ನಮ್ಮೂರಿಗೆ ಬರುತ್ತಿದ್ದರು. ಸೊಂಟದ ಮುಂದೆ ಪಟ್ಟೆಪಟ್ಟೆಯ ಉಣ್ಣೆಬಟ್ಟೆ ಕಟ್ಟಿಕೊಳ್ಳುತ್ತಿದ್ದ ಅವರನ್ನು ನಾವು ಸ್ವೆಟರ್ ಅಮ್ಮ ಎನ್ನುತ್ತಿದ್ದೆವು. ಆ ವರ್ಷ ಅವರು ಒಂದು ಸುರುಳಿ ತಂದು ಅಪ್ಪನ ಕೈಗಿಟ್ಟರು. ಅದರಲ್ಲಿ ಬಟ್ಟೆಯ ಮೇಲೆ ಬರೆದ ದೇವಿಯ ಚಿತ್ರವಿತ್ತು, ಸುತ್ತ ರೇಷ್ಮೆಯ ಅಂಚಿತ್ತು. ಅವರ ತಾಯಿ ಊರು ಬಿಟ್ಟು ಬರುವಾಗ ಬೆನ್ನಿಗೆ ಕಟ್ಟಿಕೊಂಡು ಹಿಮದ ಗುಡ್ಡ ದಾಟಿಸಿದ ಚಿತ್ರವಂತೆ. ಈಗ ಆ ಅಂಚು ಹರಿದಿತ್ತು. "ನಮ್ಮವ್ವ ಹಾಸಿಗಿ ಹಿಡದಾಳ ಅಣ್ಣಾ. ಇದನ್ನ ನನ್ನ ಮುಂದ ಹಾಕು ಅಂತಾಳ. ಲಗೂ ಮಾಡಿ ಕೊಡು" ಎಂದರು.

ಅಪ್ಪ ಆ ಚಿತ್ರವನ್ನು ಮಗ್ಗದ ಎದುರಿನ ಗೋಡೆಗೆ ತೂಗುಹಾಕಿದ. ತುಪ್ಪದ ದೀಪ, ಹೊಗೆ, ಯಾವುದೋ ಎಲೆಯ ಧೂಪ ಎಲ್ಲ ಸೇರಿದ ಅದರ ವಾಸನೆ ಮನೆ ತುಂಬಿತು. ದೇವಿ ಎಳೆ ಜೋಳದ ಗರಿಯಷ್ಟು ಹಸಿರಾಗಿದ್ದಳು. ಕಮಲದ ಮೇಲೆ ಕೂತಿದ್ದಳು, ಆದರೆ ಬಲಗಾಲನ್ನು ಮಾತ್ರ ಕೆಳಗೆ ಚಾಚಿದ್ದಳು. ಚಿತ್ರದ ಬೆನ್ನಿಗೆ ದೇವಿಯ ಹಣೆ, ಗಂಟಲು, ಎದೆ ಬರುವ ಜಾಗದಲ್ಲಿ ಮೂರು ಕೆಂಪು ಅಕ್ಷರಗಳಿದ್ದವು. ಓದಲು ಬಾರದಿದ್ದರೂ ಅಪ್ಪ ಅವುಗಳಿಗೆ ಬೆರಳು ತಾಗದಂತೆ ಹುಷಾರಾಗಿ ಕೆಲಸ ಮಾಡಿದ.

ಒಯ್ಯುವ ದಿನ ಮಧ್ಯಾಹ್ನ ಸ್ವೆಟರ್ ಅಮ್ಮ ಗಂಟುಮೂಟೆ ಸಮೇತ ಬಂದರು. ರೋಣದ ಮೇಲೆ ಹುಬ್ಬಳ್ಳಿಗೆ ಹೋಗುವ ಸಂಜೆಯ ಬಸ್ಸು ಹಿಡಿಯುವುದಿತ್ತು. ಅಪ್ಪ ಸುರುಳಿ ಬಿಡಿಸಿ ಎಂದಿನ ಸವಾಲು ಹಾಕಿದ. ಅವರು ಹರಿದ ಜಾಗ ಹುಡುಕಿ ಹುಡುಕಿ ಸೋತು ನಕ್ಕರು. ಆಮೇಲೆ ಅವರ ಕೈ ಕೆಳಗಿನ ಅಂಚಿಗೆ ಇಳಿದು ಅಲ್ಲೇ ನಿಂತಿತು.

"ಅಣ್ಣಾ, ಬಾಗಲಾ ಎಲ್ಲೈತಿ?"

ಅಪ್ಪನಿಗೆ ತಿಳಿಯಲಿಲ್ಲ. ಅವರು ಬೆರಳಿನಿಂದ ಒಂದು ಚೌಕ ಬರೆದು ತೋರಿಸಿದರು. ಆಗ ಅಪ್ಪನ ಮುಖ ಸಣ್ಣದಾಯಿತು. "ಅಲ್ಲೊಂದು ತ್ಯಾಪಿ ಇತ್ತಲ್ರಿ... ಅದನ್ನ ಬಿಚ್ಚಿ, ಅದರ ಎಳಿಲೇ ಹರಕ ಕೂಡ್ಸೇನ್ರಿ. ಬಣ್ಣ ಒಂದಕ್ಕೊಂದು ಕೂಡತಿತ್ತು."

ಅದು ತೇಪೆಯಾಗಿರಲಿಲ್ಲ. ಅವರ ಪೈಕಿ ಚಿತ್ರದ ಕೆಳಗೆ ಬೇರೆ ರೇಷ್ಮೆಯ ಚೌಕ ಹಚ್ಚುವ ಪದ್ಧತಿ ಇದೆಯಂತೆ. ಅದೇ ಬಾಗಿಲು. ನೋಡುವವರ ಮನಸ್ಸು ಅಲ್ಲಿಂದ ಒಳಗೆ ಹೋಗಬೇಕು. ಕಮಲವೆಂದರೆ ಕೆಸರಲ್ಲಿ ಹುಟ್ಟಿಯೂ ಕೆಸರು ಅಂಟಿಸಿಕೊಳ್ಳದ ಮನಸ್ಸು. "ಆ ಕಾಲು ಯಾಕ ಕೆಳಗ ಐತ್ರಿ?" ಎಂದು ನಾನು ನಡುವೆ ಬಾಯಿ ಹಾಕಿದೆ. "ಕರದ್ರ ಲಗೂ ಏಳಾಕ, ತಂಗಿ. ಪೂರಾ ಮಡಚಿಕೊಂಡು ಕುಂತ್ರ ಏಳಾಕ ತಡ ಆಗ್ತದಲ್ಲಾ" ಎಂದರು. ಆ ಮಾತಿಗೆ ನಾನು ಇವತ್ತಿಗೂ ಬೆರಗಾಗುತ್ತೇನೆ.

ಅವರು ಬೈಯಲಿಲ್ಲ. "ಅವ್ವಗ ಕಣ್ಣು ಕಾಣೂದಿಲ್ಲ ಅಣ್ಣಾ. ದಿನಾ ಬಾಗಲಾ ಮುಟ್ಟಿ, ಆಮ್ಯಾಲೆ ಕೈ ಮುಗೀತಾಳ" ಎಂದಷ್ಟೇ ಹೇಳಿದರು. ಅಪ್ಪ ತಲೆ ಎತ್ತಲಿಲ್ಲ. ಅವನು ಅಷ್ಟು ಕುಗ್ಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಅಳು ಬಂತು.

ಹೊಸ ಬಾಗಿಲು ಹಚ್ಚೋಣವೆಂದರೆ ರೇಷ್ಮೆ ಬೇಕಲ್ಲ. ಮಗ್ಗದ ಮೇಲಿನದು ಸಾಹುಕಾರರ ನೂಲು. ನಮ್ಮದೆಂಬ ರೇಷ್ಮೆ ಇದ್ದದ್ದು ಒಂದೇ, ಅಕ್ಕನ ಮದುವೆಗೆ ಅಪ್ಪ ನೇಯ್ದಿಟ್ಟ ಸೀರೆಯ ಕೆಂಪು ಸೆರಗು. ಅಕ್ಕ ಒಳಗೆ ಹೋಗಿ ಆ ಸೀರೆಯನ್ನೂ ಕತ್ತರಿಯನ್ನೂ ತಂದು ಅಪ್ಪನ ಮುಂದಿಟ್ಟಳು. ನಮ್ಮವ್ವ ಹೌಹಾರಿದಳು. "ಮದವಿ ಸೀರಿಗೆ ಯಾರರೆ ಕತ್ರಿ ಹಚ್ತಾರೇನ?"

"ಆ ಮುದುಕಿ ಬೆರಳು ಬಾಗಲಾ ಹುಡುಕ್ಯಾಡಿ ಬರಿಗೈಲೆ ಬಂದ್ರ ಚಲೋ ಆಗ್ತದೇನಬೇ? ನೀ ಕತ್ತರಸು ಅಪ್ಪಾ" ಎಂದಳು ಅಕ್ಕ.

ಅಪ್ಪ ಸೆರಗಿನ ಮೂಲೆಯಿಂದ ಅಂಗೈ ಅಗಲದ ಚೌಕ ತೆಗೆದು ಚಿತ್ರದ ಕೆಳಗೆ ಹೊಲಿದ. ಸ್ವೆಟರ್ ಅಮ್ಮ ಕತ್ತರಿ ಇಸಿದುಕೊಂಡವರೇ ತಮ್ಮ ಸೊಂಟದ ಪಟ್ಟೆಬಟ್ಟೆಯಿಂದ ಅಷ್ಟೇ ದೊಡ್ಡ ತುಂಡು ಕತ್ತರಿಸಿ ಅಕ್ಕನ ಕೈಗೆ ಕೊಟ್ಟರು. ಅಪ್ಪ ಅದನ್ನು ಸೆರಗಿನ ಖಾಲಿ ಮೂಲೆಗೆ ಹಚ್ಚಿದ. ಮೊದಲ ಬಾರಿಗೆ ಅವನು ಎದ್ದು ಕಾಣುವಂಥ ತೇಪೆ ಹಚ್ಚಿದ್ದು. ಅವರು ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿಕೊಂಡು ಬಸ್ಸಿಗೆ ಓಡಿದರು.

ಮುಂದಿನ ಚಳಿಗಾಲ ಬಂದಾಗ ಮೊದಲು ನಮ್ಮ ಮನೆಗೇ ಬಂದರು. "ಅವ್ವ ಹ್ವಾದ್ಲು ಅಣ್ಣಾ. ಕಡೀ ತನಕಾ ಬಾಗಲಾ ಮುಟ್ಟಿದ್ಲು. ಇದು ಹೊಸಾದು, ಯಾರದು ಅಂತ ಕೇಳಿದ್ಲು. ಮದುಮಗಳದು ಅಂದೆ. ದಿನಾ ನಿನ್ನ ಮಗಳ ಸಲುವಾಗಿ ಬೇಡಿಕೊಂಡ್ಲು." ಅಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

ನನ್ನ ಮೊಮ್ಮಕ್ಕಳೇ, ಅಂಥ ಚಿತ್ರವನ್ನು ನೀವು ಮೊಬೈಲಿನಲ್ಲಿ ಕರೆದರೆ ಸಾಕು, ಬಂದು ನಿಲ್ಲುತ್ತದೆ. ದೊಡ್ಡದು ಮಾಡಿ ನೋಡುತ್ತೀರಿ, ಯಾವ ಬಣ್ಣಕ್ಕೆ ಏನರ್ಥ ಎಂದು ಚಿಟಿಕೆ ಹೊಡೆಯುವುದರಲ್ಲಿ ತಿಳಿಯುತ್ತೀರಿ. ನಾವು ಒಂದೇ ಒಂದು ಚಿತ್ರವನ್ನು ನಾಲ್ಕು ದಿನ ನೋಡಿಯೂ ಅದರ ಬಾಗಿಲನ್ನು ತೇಪೆ ಎಂದುಕೊಂಡ ಜಾಣರು! ಅಕ್ಕ ಹೋದ ಮೇಲೆ ಆ ಸೀರೆ ನನ್ನ ಟ್ರಂಕಿಗೆ ಬಂದಿದೆ. ಮೊನ್ನೆ ನಿಮ್ಮಲ್ಲೇ ಸಣ್ಣವಳು ಅದನ್ನು ನೋಡಿ, "ಅಜ್ಜೀ, ಇದೇನ ಇಷ್ಟು ಕೆಟ್ಟ ತ್ಯಾಪಿ?" ಎಂದು ಮೂಗು ಮುರಿದಳು. ನಾನು ಈ ಕಥೆ ಹೇಳಿದೆ. ಅವಳು ಮೊಬೈಲು ಬದಿಗಿಟ್ಟಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನುಣ್ಣನೆಯ ಸೆರಗಿನ ಮೇಲೆ ಬೆರಳಾಡಿಸುತ್ತಾ ಹೋದಳು. ಒರಟು ಉಣ್ಣೆ ತಾಗಿದ್ದೇ ತಡ, "ಸಿಕ್ತು ಅಜ್ಜೀ!" ಎಂದು ಕೂಗಿದಳು.